ಗಿರಣಿಯ ಶ್ರುತಿ

ಸಂಗೀತ ಗೊತ್ತಿಲ್ಲದವನು ಹಾಡಿದರೆ ನೆರೆಹೊರೆಯವರು ಕಿಟಕಿ ಮುಚ್ಚಿಕೊಳ್ಳಬಹುದು. ಅವನು ವಾದ್ಯವನ್ನೇ ಕಟ್ಟಲು ಹೊರಟರೆ ಮನೆಯವರು ಎಲ್ಲಿಗೆ ಹೋಗಬೇಕು? ನಾನು ವಿಜ್ಞಾನದ ಮಾಷ್ಟ್ರು. ಸ್ವರಕ್ಕೂ ನನಗೂ ಇರುವ ಸಂಬಂಧ ಶಾಲೆಯ ಗಂಟೆಯವರೆಗೆ ಮಾತ್ರ. ಆದರೂ ಹಂಪನಕಟ್ಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಕೆಟ್ಟ ರೇಡಿಯೋ ಒಂದು ಸಿಕ್ಕಿದ್ದೇ ತಡ, ತಲೆಗೆ ಹುಳ ಹೊಕ್ಕಿತು. ಪುಟ್ಟದೊಂದು ನಿಯಾನ್ ದೀಪ, ಒಂದು ಕಂಡೆನ್ಸರ್, ರೇಡಿಯೋದ ಸ್ಪೀಕರ್, ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ ಮಾಡಿದ, ಹಾರ್ಮೋನಿಯಂನಲ್ಲಿರುವಂಥ ಎಂಟು ಮನೆ. ಒಂದೊಂದು ಮನೆ ಒತ್ತಿದಾಗ ದೀಪಕ್ಕೆ ಒಂದೊಂದು ವೋಲ್ಟೇಜು. ವೋಲ್ಟೇಜು ಏರಿದರೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ. ಶ್ರುತಿ ಹೊಂದಿಸಿಕೊಟ್ಟವಳು ಚರ್ಚಿನಲ್ಲಿ ಹಾಡುವ ನನ್ನ ಹೆಂಡತಿ ಸಿಸಿಲಿ. ಗದ್ದಲವಿಲ್ಲದ ಶುಕ್ರವಾರ ನೋಡಿ ಆ ಕೆಲಸ ಮುಗಿಸಿದೆವು. ಪಕ್ಕದ ಇದ್ದಿನಬ್ಬ ಬ್ಯಾರಿಗಳ ಹಿಟ್ಟಿನ ಗಿರಣಿಗೆ ಅಂದು ರಜೆ. ವಿಜ್ಞಾನದ ಮಾಷ್ಟ್ರಿಗೆ ಇಷ್ಟರಲ್ಲೇ ಏನಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಷ್ಟರಲ್ಲಿ ಸಿಸಿಲಿಯ ತಂಗಿಯ ಮದುವೆ ಬಂತು. ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹಾಡುವ ರೋಸ್ ಶಾಸ್ತ್ರ ನಮ್ಮ ಮನೆಯಲ್ಲೇ ಎಂದಾಯಿತು. ನಾನು ದೊಡ್ಡ ಜನವಾಗಿ, ಹಾಡಿಗೆ ನನ್ನ ವಾದ್ಯವೇ ಸಾಕೆಂದು, ಗೊತ್ತುಮಾಡಿದ್ದ ಪಿಟೀಲಿನವನಿಗೆ ಬರುವುದು ಬೇಡವೆಂದು ಹೇಳಿ ಕಳಿಸಿದೆ.

"ತವರಿನವರೆಲ್ಲ ಬರ್ತಾರೆ. ಅವರೆದುರು ನನ್ನ ಮರ್ಯಾದೆ ತೆಗೆದ್ರೆ ಮತ್ತೆ ನೀವುಂಟು, ನಿಮ್ಮ ಡಬ್ಬ ಉಂಟು," ಎಂದಳು ಸಿಸಿಲಿ.

ಸಂಜೆ ಚಪ್ಪರ ತುಂಬಿತು. ಹಾಡು ಎತ್ತಿಕೊಳ್ಳುವ ಹಕ್ಕು ಸಿಸಿಲಿಯ ಚಿಕ್ಕಮ್ಮ ಕಾರ್ಮಿನ್ ಬಾಯಿಯದು. ವಯಸ್ಸು ಎಪ್ಪತ್ತು ದಾಟಿದೆ. ಅವರು ಮೊದಲ ನುಡಿ ಶುರುಮಾಡಿದರು, ಅತ್ತ ಗಿರಣಿಯೂ ಶುರುವಾಯಿತು. ಗಿರಣಿಯ ಬಾಯಿಗೆ ಧಾನ್ಯ ಬಿದ್ದಷ್ಟೂ ನಮ್ಮ ಓಣಿಯ ದೀಪಗಳು ಮಂಕಾದವು, ವೋಲ್ಟೇಜಿನ ಜೊತೆ ನನ್ನ ವಾದ್ಯದ ಸ್ವರವೂ ಜಾರತೊಡಗಿತು. ಸಿಸಿಲಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಆದರೆ ಸಭೆಯಲ್ಲಿ ಯಾರೂ ನಗಲಿಲ್ಲ. ಕಿವಿಗೊಟ್ಟರೆ, ಕಾರ್ಮಿನ್ ಬಾಯಿಯೂ ನುಡಿಯಿಂದ ನುಡಿಗೆ ಜಾರುತ್ತಿದ್ದರು! ಮುದುಕಿ ಮತ್ತು ಗಿರಣಿ ಕೈಕೈ ಹಿಡಿದುಕೊಂಡು ಇಳಿದರು; ನಾನು ಗಂಭೀರವಾಗಿ ತಗಡು ಒತ್ತುತ್ತಾ ಕುಳಿತೆ.

ಹಾಡು ಮುಗಿದ ಮೇಲೆ ಅವರು ಬಂದು ನನ್ನ ಕೈ ಹಿಡಿದರು. ಕಣ್ಣು ಒದ್ದೆಯಾಗಿತ್ತು.

"ಪಿಟೀಲಿನವರೆಲ್ಲ ನನ್ನನ್ನು ಬಿಟ್ಟು ಹೋಗ್ತಾರೆ ಪುತಾ. ನಿನ್ನ ಪೆಟ್ಟಿಗೆ ಮಾತ್ರ ಕೊನೆವರೆಗೆ ನನ್ನ ಜೊತೆಗೇ ಬಂತು."

ನಿಜ ಹೇಳಲು ಬಾಯಿ ತೆರೆದೆ. ಆ ಮುಖ ನೋಡಿ ಮುಚ್ಚಿದೆ. ಹೊಗಳಿಕೆ ನನಗೂ ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಕಾರ್ಮಿನ್ ಬಾಯಿ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಇನ್ನು ಅಳಿಯನ ಪೆಟ್ಟಿಗೆ ಇಲ್ಲದೆ ತಾನು ಎಲ್ಲಿಯೂ ಹಾಡುವುದಿಲ್ಲವೆಂದು ಸಾರಿಬಿಟ್ಟರು. ನಮ್ಮ ಓಣಿಯಲ್ಲಿ ಮದುವೆಗೆ ನಿಂತ ಹೆಣ್ಣುಗಳಿಗೇನು ಬರವೇ?

ಗಿರಣಿ ನಿಂತಿದ್ದರೆ ನನ್ನ ಪೆಟ್ಟಿಗೆಯೂ ಪಿಟೀಲಿನಂತೆ ಅವರನ್ನು ಬಿಟ್ಟು ಹೋಗುತ್ತದೆ. ಗಿರಣಿಯೋ ತಾನಾಗಿ ತಿರುಗುವುದಿಲ್ಲ, ಧಾನ್ಯ ಬೇಕು. ಹಾಗಾಗಿ ಪ್ರತಿ ರೋಸ್‌ನ ಸಂಜೆ, ಯಾರಿಗೂ ಬೇಡವಾದ ರೇಷನ್ನಿನ ಗೋಧಿ ಒಟ್ಟುಮಾಡಿ, ಸರಿಯಾಗಿ ಏಳು ಗಂಟೆಗೆ ಬೀಸಬೇಕೆಂದು ಇದ್ದಿನಬ್ಬರಿಗೆ ಕೊಟ್ಟುಬರುತ್ತೇನೆ.

"ಎಂತ ಮಾಷ್ಟ್ರೇ, ಇಷ್ಟು ಚಪಾತಿ ತಿನ್ನುವವರು ನಿಮ್ಮಲ್ಲಿ ಯಾರುಂಟು?" ಎಂದು ಅವರು ಒಮ್ಮೆ ಕೇಳಿದರು.

ಉತ್ತರ ಅವರಿಗೆ ಹೇಳಲಿಲ್ಲ; ನಿಮಗೆ ಹೇಳುತ್ತೇನೆ. ಹುಟ್ಟಿದಂದಿನಿಂದ ಕುಚ್ಚಲಕ್ಕಿ ಗಂಜಿ ಉಂಡ ಈ ನಾಲಿಗೆಗೆ ಈಗ ಎರಡು ಹೊತ್ತೂ ಚಪಾತಿ. ನಿನ್ನೆ ತಡೆಯಲಾರದೆ ಒಂದು ಬಟ್ಟಲು ಗಂಜಿ ಕೇಳಿದೆ. ಶ್ರುತಿ ಬಲ್ಲ ಸಿಸಿಲಿಗೆ ಮೊದಲ ದಿನವೇ ಎಲ್ಲ ಗೊತ್ತಾಗಿತ್ತಂತೆ. ನನ್ನ ತಟ್ಟೆಗೆ ಆರನೆಯ ಚಪಾತಿ ಹಾಕಿ ಹೇಳಿದಳು:

"ಗಂಜಿ ಮತ್ತೆ ಕೊಡ್ತೇನೆ. ಮೊದಲು ನಿಮ್ಮ ಸಂಗೀತ ತಿಂದು ಮುಗಿಸಿ."