ಫುಟ್‌ಬಾಲ್ ಕ್ಲಬ್ಬಿನ ಪಾತ್ರೆ ಬೆಳಗಿದ್ದು

ಕೊಳೆಯಾದ ಹಿತ್ತಾಳೆ ಪಾತ್ರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೆಲವರಿಗೆ ಇಸ್ಪೀಟು, ಕೆಲವರಿಗೆ ನಶ್ಯ, ನನಗೆ ಹುಣಸೆಹಣ್ಣು. ಎಲ್ಕ್ ಗ್ರೋವ್‌ನ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ಮೇಲೆ ಗೀರು ಬಿದ್ದಿದೆಯೇ ಎಂದು ನೋಡುವುದು ನನ್ನ ಉದ್ಯೋಗ. ನೇಪರ್‌ವಿಲ್‌ನ ಮನೆಗೆ ಬಂದರೆ ದೇವರ ಸಾಮಾನು ಬೆಳಗುವುದು ನನ್ನ ಪಾಲಿನ ಕೆಲಸ. ಮದುವೆಯಾದ ಹೊಸತರಲ್ಲಿ ಹೆಂಡತಿ ವಸುಧಾಳನ್ನು ಮೆಚ್ಚಿಸಲೆಂದು ಒಂದು ಜೊತೆ ದೀಪದ ಕಂಬ ತಿಕ್ಕಿಕೊಟ್ಟಿದ್ದೆ. ಮೆಚ್ಚುಗೆ ಆ ಹಬ್ಬಕ್ಕೇ ಮುಗಿಯಿತು, ಕೆಲಸ ಮಾತ್ರ ನನ್ನ ಹೆಸರಿನಲ್ಲಿ ಉಳಿಯಿತು. ಬೇಸರವೇನಿಲ್ಲ. ಇಂಡಿಯನ್ ಸ್ಟೋರ್‌ಗೆ ಹೋದರೆ ಸಾರಿಗೆ ಯಾವ ಹುಣಸೆಹಣ್ಣು, ಪಾತ್ರೆಗೆ ಯಾವುದು ಎಂದು ಮುಟ್ಟಿ ನೋಡಿಯೇ ಹೇಳಬಲ್ಲೆ. ಈ ವಿದ್ಯೆಗೆ ಅಮೆರಿಕದಲ್ಲಿ ಗಿರಾಕಿಗಳಿಲ್ಲ ಎಂಬ ಒಂದು ಸಣ್ಣ ಕೊರಗಿತ್ತು. ಕಳೆದ ನವರಾತ್ರಿಯಲ್ಲಿ ಅದು ತೀರಿತು. ತೀರಿದ ರೀತಿಗೆ ಬಿಟ್ಟ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ.

ನಮ್ಮ ಮಗಳು ಮೇಧಾ ಡೆಟ್ರಾಯಿಟ್ ಕಡೆಯ ಯೂನಿವರ್ಸಿಟಿಯಲ್ಲಿ ಓದುತ್ತಾಳೆ. ಓದುತ್ತಾಳೆ ಎನ್ನುವುದು ನಮ್ಮ ನಂಬಿಕೆ. ಫೋನಿನಲ್ಲಿ ಕೇಳಿಸುವುದೆಲ್ಲ ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಸಮಾಚಾರ. ಇಲ್ಲಿನವರು ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟವಲ್ಲ, ಕಾಲಿನಲ್ಲಿ ಆಡುವ ನಮ್ಮ ಫುಟ್‌ಬಾಲೇ. ಆ ಗುರುವಾರ ಸಂಜೆ ಅವಳು ಡ್ರೈವ್ ಮಾಡಿಕೊಂಡು ಮನೆಗೆ ಬಂದಳು. ಶನಿವಾರ ಶಿಕಾಗೋ ಹತ್ತಿರದ ಯೂನಿವರ್ಸಿಟಿಯ ಮೇಲೆ ಅವರ ವರ್ಷದ ದೊಡ್ಡ ಪಂದ್ಯ. ಊಟ ಮಾಡಿದವಳೇ ಮಲಗಿಬಿಟ್ಟಳು.

ಮರುದಿನ ನವರಾತ್ರಿಯ ಶುಕ್ರವಾರ, ನಮ್ಮ ಮನೆಯಲ್ಲಿ ಒಂದು ದಿನದ ಕಲಶ ಕೂರಿಸುವ ದಿನ. ಬೆಳಗ್ಗೆ ಬೇಗ ಎದ್ದು ಅವಳ ಕಾರಿನ ಸಾಮಾನು ಇಳಿಸಲು ಹೋದೆ. ಒಗೆಯುವ ಬಟ್ಟೆಯ ಮೂಟೆ, ಮಣ್ಣು ಮೆತ್ತಿದ ಶೂಗಳು, ಅವುಗಳ ಹಿಂದೆ ಹಳೆಯ ಟವೆಲಿನಲ್ಲಿ ಮಗುವಿನಂತೆ ಸುತ್ತಿದ ಏನೋ ಒಂದು. ಬಿಚ್ಚಿದರೆ ಹಿತ್ತಾಳೆಯ ಪಾತ್ರೆ! ಹಿತ್ತಾಳೆ ಎಂದು ಗೊತ್ತಾದದ್ದು ಉಗುರಿನಿಂದ ಕೆರೆದ ಮೇಲೆ. ಕಿಲುಬು, ಮಸಿ, ಒಣಗಿದ ಕೆಸರು, ಅದರ ಮೇಲೆ ಬಿಳಿ ಬಣ್ಣದಲ್ಲಿ ಗೀಚಿದ ಅಂಕಿಗಳು. ದುಂಡು ಹೊಟ್ಟೆ, ಸಣ್ಣ ಕತ್ತು, ಹೂವಿನಂತೆ ಅಗಲವಾಗಿ ಅರಳಿದ ಬಾಯಿ. ನಮ್ಮ ಕಲಶದ ಚೊಂಬು ಸೋರುತ್ತಿದೆ, ಅಲ್ಲೆಲ್ಲಾದರೂ ಒಳ್ಳೆಯದು ಸಿಕ್ಕರೆ ನೋಡೇ ಎಂದು ವಸುಧಾ ಮಗಳಿಗೆ ಫೋನಿನಲ್ಲಿ ಹೇಳಿದ್ದು ನೆನಪಾಯಿತು. ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ, ಅಮ್ಮನಿಗೆ ಗೊತ್ತಾಗದಿರಲಿ ಎಂದು ಟವೆಲಿನಲ್ಲಿ ಮುಚ್ಚಿ ತಂದಿದ್ದಾಳೆ! ಹೆಣ್ಣುಮಕ್ಕಳಿಗಿರುವ ತಿಳುವಳಿಕೆಗೆ ನನ್ನ ಕಣ್ಣು ತೇವವಾಯಿತು. ಮೂಗಿಗೆ ಮಾತ್ರ ಬೇರೆಯದೇ ಏನೋ ಬಡಿಯಿತು.

ಅಂಥ ಪಾತ್ರೆ ಸಿಗಲು ಪುಣ್ಯ ಬೇಕು. ಹುಣಸೆಹಣ್ಣು, ಉಪ್ಪು, ಆಮೇಲೆ ಪುಡಿ, ಮತ್ತೆ ಹುಣಸೆಹಣ್ಣು. ಅಂಕಿಗಳು ಸುಲಭಕ್ಕೆ ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಪಾತ್ರೆಯೊಳಗೆ ನನ್ನ ಮುಖ ಕಂಡಾಗ, ಅದು ಸೊಟ್ಟಗಿದ್ದರೂ, ಬಹಳ ಚೆನ್ನಾಗಿ ಕಂಡಿತು. ವಸುಧಾ ನೋಡಿದವಳೇ ಅಕ್ಕಿಯ ತಟ್ಟೆಯ ಮೇಲಿಟ್ಟು ನೀರು ತುಂಬಿದಳು. ಆ ಅಗಲವಾದ ಬಾಯಿಯ ಮೇಲೆ ವೀಳ್ಯದೆಲೆ ಹರಡಿಕೊಂಡವು, ತೆಂಗಿನಕಾಯಿ ಹೇಳಿ ಮಾಡಿಸಿದ ಹಾಗೆ ಕೂತಿತು. ಇಷ್ಟು ವರ್ಷದಲ್ಲಿ ಕಾಯಿ ಒಂದು ಕಡೆಗೆ ವಾಲದೇ ಇದ್ದದ್ದು ಇದೇ ಮೊದಲು ಎಂದಳು. ಪೂಜೆ ಸಾಂಗವಾಗಿ ಆಯಿತು.

ಮೇಧಾ ಎದ್ದು ಬಂದದ್ದು ಮಧ್ಯಾಹ್ನದ ಹೊತ್ತಿಗೆ. ಕಾರಿಗೆ ಹೋಗಿ ಬಂದಳು, ಗರಾಜು ಹುಡುಕಿದಳು, ಆಮೇಲೆ ಬಿಳಿಚಿದ ಮುಖದಲ್ಲಿ ದೇವರ ಮನೆಯ ಬಾಗಿಲಿಗೆ ಬಂದು ನಿಂತಳು. ಸೀರೆಯುಟ್ಟು, ಮೂಗುತಿ ಇಟ್ಟುಕೊಂಡು, ಹೂ ಮುಡಿದು ಕೂತಿದ್ದ ಪಾತ್ರೆಯನ್ನು ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅಪ್ಪಾ, ಯೂ ವಾಶ್ಡ್ ಇಟ್?" ಎಂದಳು. ಆಮೇಲೆ ಮೆಲ್ಲಗೆ, "ಅದು ನಮ್ಮ ಕ್ಲಬ್ ಹಿಸ್ಟರಿ ಅಪ್ಪಾ."

ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅವಳು ಅದರ ಕಥೆ ಹೇಳಿದಳು. ಎರಡು ಕ್ಲಬ್ಬುಗಳ ಮೊಟ್ಟಮೊದಲ ಪಂದ್ಯದ ದಿನ ಹಿಮ ಸುರಿದು ರೈಲು ನಿಂತುಹೋಯಿತಂತೆ. ಎರಡೂ ತಂಡಗಳು ಒಂದೇ ಹೋಟೆಲಿನಲ್ಲಿ ಸಿಕ್ಕಿಕೊಂಡವಂತೆ. ಗೆದ್ದವರ ಕ್ಯಾಪ್ಟನ್ ಅಲ್ಲಿನ ಪಾತ್ರೆಯೊಂದರಲ್ಲಿ ಹಿಮ ಕರಗಿಸಿ ಎಲ್ಲರಿಗೂ ಕುಡಿಸಿದನಂತೆ. ಅಂದಿನಿಂದ ಗೆದ್ದವರು ಅದರಲ್ಲಿ ಸೇಬಿನ ಸೈಡರ್ ಕುಡಿಯುತ್ತಾರೆ. ಎತ್ತಿ ಕುಡಿದರೆ ಆ ಬಾಯಿಂದ ಎರಡೂ ಕೆನ್ನೆಗೆ ಸುರಿಯುತ್ತದೆ, ಸುರಿದಷ್ಟೂ ಅದೃಷ್ಟವಂತೆ. ಗೆದ್ದ ವರ್ಷದ ಗೋಲುಗಳನ್ನು ಅದರ ಮೇಲೆ ಬರೆಯಬೇಕು, ಹೊಸದಾಗಿ ಸೇರಿದವರು ಕೆಸರಿನ ಹೆಬ್ಬೆಟ್ಟು ಒತ್ತಬೇಕು, ಯಾವ ಕಾರಣಕ್ಕೂ ತೊಳೆಯಬಾರದು. ಈ ವರ್ಷ ಪಾತ್ರೆ ಕಾಯುವ ಹೊಣೆ ಮೇಧಾಳದು. ಅದಕ್ಕೇನಾದರೂ ಆದರೆ ಕಾಯುವವರು ಜರ್ಸಿ ಕಳಚಿಟ್ಟು ಕ್ಲಬ್ ಬಿಡಬೇಕು. ಅದೂ ಸಂಪ್ರದಾಯವೇ.

ವಸುಧಾಗೂ ನೋವಾಯಿತು. ಆದರೆ "ಕೊಡು, ಈಗಲೇ ಕೆಸರಾದರೂ ಮೆತ್ತುತ್ತೇನೆ" ಎಂದು ಮಗಳು ಎದ್ದಾಗ ಅಡ್ಡ ನಿಂತಳು. "ಕೂರಿಸಿದ ಕಲಶ ಹಾಗೆಲ್ಲ ಕದಲಿಸೋ ಹಾಗಿಲ್ಲ ಪುಟ್ಟಾ. ನಾಳೆ ಬೆಳಗ್ಗೆ ವಿಸರ್ಜನೆ ಮಾಡಿ ಕೊಡ್ತೀನಿ." ಅವರದೂ ಸಂಪ್ರದಾಯ, ಇವಳದೂ ಸಂಪ್ರದಾಯ, ನಡುವೆ ಹುಣಸೆಹಣ್ಣಿನ ಕೈಯವನು ನಾನು.

ಶನಿವಾರ ಬೆಳಗ್ಗೆ ವಸುಧಾ ಕಲಶ ಕದಲಿಸಿ, ಅದರ ನೀರನ್ನು ಮನೆಯ ಮೂಲೆಮೂಲೆಗೆ ಚಿಮುಕಿಸಿ, ನಮಗೆಲ್ಲ ತೀರ್ಥ ಕೊಟ್ಟಳು. ಮಗಳ ಕ್ಲಬ್ ಉಳಿಯಲಿ ಎಂದು ಬೇಡಿಕೊಳ್ಳುತ್ತ ನಾನು ಕಣ್ಣುಮುಚ್ಚಿ ಮೂರು ಸಲ ತೆಗೆದುಕೊಂಡೆ. ಕಲಶದ ಕಾಯಿ ತುರಿದು ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಗೆ ತುಂಬಿದಳು. ಹುಡುಗಿಯರ ಬಾಯಿ ಸಿಹಿಯಾದರೆ ಕೋಪ ಇಳಿದೀತು ಎಂದು ಅವಳ ಲೆಕ್ಕ.

ಮೈದಾನದಲ್ಲಿ ಮೇಧಾ ಟವೆಲು ಬಿಚ್ಚಿದಳು. ಬಿಸಿಲಿಗೆ ಪಾತ್ರೆ ಫಳಫಳ ಹೊಳೆಯಿತು. ನನ್ನ ಜೀವನದ ಅತ್ಯುತ್ತಮ ಕೆಲಸ. ನೋಡಿದವರೆಲ್ಲ ಹೆಣ ನೋಡಿದವರಂತೆ ನಿಂತಿದ್ದರು. ಇನ್ನೂ ಅಲ್ಲಲ್ಲಿ ಕುಂಕುಮ ಉಳಿದಿತ್ತು. ಮೇಧಾ ನನ್ನ ಹೆಸರೆತ್ತಲಿಲ್ಲ, ತಾನೇ ಹೊಣೆ ಎಂದಳು. ಎತ್ತರದ ಕ್ಯಾಪ್ಟನ್ ಹುಡುಗಿ ನೆಲ ನೋಡಿದಳು. ಮಗಳ ಕೈ ಜರ್ಸಿಯ ಅಂಚಿಗೆ ಹೋಯಿತು. ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ, ತೊಳೆದವನು ನಾನು, ಇವಳು ಮಲಗಿದ್ದಳು ಎಂದೆ.

ಆಗ ಕೋಲೂರಿಕೊಂಡು ಬಂದವರು ಕ್ಲಬ್ಬಿನಲ್ಲಿ ಹುಡುಗರಷ್ಟೇ ಆಡುತ್ತಿದ್ದ ಕಾಲದ ಹಳೆಯ ಆಟಗಾರರೊಬ್ಬರು, ಪ್ರತಿವರ್ಷ ಈ ಪಂದ್ಯಕ್ಕೆ ಬರುವ ಅಜ್ಜ. ಪಾತ್ರೆ ಇಸಿದುಕೊಂಡು ತಿರುಗಿಸಿ ನೋಡಿದರು, ಕನ್ನಡಕ ಏರಿಸಿ ಮತ್ತೆ ನೋಡಿದರು. ಇದ್ದಕ್ಕಿದ್ದಂತೆ ನಗಲು ಶುರುಮಾಡಿ ಕೆಮ್ಮು ಹತ್ತಿ ಕುರ್ಚಿಯಲ್ಲಿ ಕೂತರು. ಅವರ ತಾತನ ಕ್ಷೌರದಂಗಡಿಯಲ್ಲಿ ಕುರ್ಚಿಗೊಂದರಂತೆ ಇಂಥವೇ ಇದ್ದವಂತೆ. ಇಷ್ಟು ವರ್ಷ ಕೆಸರಿನೊಳಗೆ ಆಕಾರವೇ ಕಾಣಿಸಿರಲಿಲ್ಲವಂತೆ. ತಂಬಾಕು ಅಗಿಯುವ ಗಿರಾಕಿಗಳು ಗುರಿ ತಪ್ಪಿದರೂ ಒಳಗೇ ಬೀಳಲೆಂದು ಬಾಯಿ ಇಷ್ಟು ಅಗಲವಂತೆ.

ಪೀಕದಾನಿ. ಹೋಟೆಲಿಗೆ ಬಂದು ಹೋಗುವವರೆಲ್ಲ ಉಗುಳುತ್ತಿದ್ದ ಪೀಕದಾನಿ.

ಹುಡುಗಿಯರಲ್ಲಿ ಯಾರೋ ಬಾಯಿ ಒರೆಸಿಕೊಂಡಳು. ಎದುರು ತಂಡದವರು, ಅವರೂ ಎಷ್ಟೋ ವರ್ಷ ಗೆದ್ದು ಕುಡಿದವರೇ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮಾತ್ರ ಮೈದಾನದಾಚೆ ನೋಡುತ್ತಿದ್ದೆ. ಅಲ್ಲಿ ವಸುಧಾ ಡಬ್ಬಿ ಹಿಡಿದು ಸಿಕ್ಕಸಿಕ್ಕವರಿಗೆಲ್ಲ ಮಿಠಾಯಿ ಹಂಚುತ್ತಿದ್ದಳು.

ಪಂದ್ಯವನ್ನು ನಮ್ಮ ಮಗಳ ತಂಡವೇ ಗೆದ್ದಿತು. ಪಾತ್ರೆಗೆ ಸೈಡರ್ ಹುಯ್ದರು. ಯಾರೂ ಕೈ ಚಾಚಲಿಲ್ಲ. ಅಜ್ಜ ನಗುತ್ತ, ಗಲೀಜಾಗಿದ್ದಾಗಲೇ ನಾವೆಲ್ಲ ಕುಡಿದೆವು, ಹುಟ್ಟಿದ ಮೇಲೆ ಇದು ಇಷ್ಟು ಶುಚಿಯಾಗಿರುವುದು ಇವತ್ತೇ, ಬೇಕಾದರೆ ತೊಳೆದವರನ್ನೇ ಕೇಳಿ ಎಂದರು. ಎಲ್ಲರ ಕಣ್ಣೂ ನನ್ನ ಮೇಲೆ. ಕಾರ್ಖಾನೆಯಲ್ಲಿ ಎಷ್ಟೋ ಸಾಮಾನಿಗೆ ಸರಿಯಾಗಿದೆ ಎಂದು ಸಹಿ ಹಾಕಿದ್ದೇನೆ, ಯಾವುದನ್ನೂ ಕುಡಿದು ತೋರಿಸಿರಲಿಲ್ಲ. ಹೇಗೂ ಬೆಳಗ್ಗೆ ತೀರ್ಥವಾಗಿದೆ ಎಂದುಕೊಂಡು ಎತ್ತಿದೆ. ಎರಡೂ ಕೆನ್ನೆಗೆ ಸುರಿಯಿತು. ಹುಡುಗಿಯರು ಹೋ ಎಂದು ಕೂಗಿದರು. ನನ್ನ ನಂತರ ಮೇಧಾ ಕುಡಿದಳು, ಆಮೇಲೆ ಕ್ಯಾಪ್ಟನ್. ಕುಡಿದವಳೇ ಅವಳು ಪಾತ್ರೆಯನ್ನು ಮೇಧಾಳ ಕೈಗೇ ಕೊಟ್ಟು, ಇನ್ನು ಮುಂದೆ ಪ್ರತಿ ಪಂದ್ಯದ ಮುಂಚೆ ಇದನ್ನು ತೊಳೆಯಲೇಬೇಕು, ತೊಳೆಯುವವರು ಮೇಧಾಳ ಅಪ್ಪ ಎಂದು ಸಾರಿದಳು. ಹಾಗೆ ಒಂದು ಹೊಸ ಸಂಪ್ರದಾಯ ಹುಟ್ಟಿತು.

ವಾಪಸು ಬರುವಾಗ ಪಾತ್ರೆ ವಸುಧಾಳ ತೊಡೆಯ ಮೇಲಿತ್ತು. "ಆ ತಾತ ಏನಂದ್ರು ಇದನ್ನ ನೋಡಿ?" ಎಂದು ಕೇಳಿದಳು.

"ಬಹಳ ಹಳೇದಂತೆ. ದೊಡ್ಡ ಹೋಟೆಲ್‌ನಲ್ಲಿ ಇತ್ತಂತೆ" ಎಂದೆ.

"ಲಕ್ಷಣವಾಗಿದೆ ನೋಡಿ. ಮುಂದಿನ ನವರಾತ್ರಿಗೂ ಇದನ್ನೇ ಕೂರಿಸೋಣ."

ಕನ್ನಡಿಯಲ್ಲಿ ಹಿಂದಿನ ಸೀಟಿನ ಮಗಳ ಕಣ್ಣು ಸಿಕ್ಕಿತು. ತಾನು ಹೇಳುವುದಿಲ್ಲ, ಇದು ನಿನ್ನ ಪಾಲಿನ ಕೆಲಸ ಎಂದು ಆ ಕಣ್ಣು ಹೇಳಿತು. ಆಯಿತು ಎಂದು ನಾನು ತಲೆಯಾಡಿಸಿದೆ. ಇಬ್ಬರಲ್ಲಿ ಯಾರಿಗೆ ಆಡಿಸಿದೆನೋ ನನಗೂ ಗೊತ್ತಿಲ್ಲ. ನಾನು ಬರೆದದ್ದನ್ನು ವಸುಧಾ ಎಂದೂ ಓದುವುದಿಲ್ಲ ಎಂಬುದು ನನ್ನ ಬಹುಕಾಲದ ಸಂಕಟ. ಈ ಸಲ ನವರಾತ್ರಿ ಮುಗಿಯುವ ತನಕವಾದರೂ ಅದೊಂದು ಹಾಗೆಯೇ ಇರಲಿ.