ಉಪಕಾರ ಸ್ಮರಣೆಗೆ ಒಂದೇ ಪುಟ

ಮೇಷ್ಟ್ರ ನೆಮ್ಮದಿ ಕೆಡಿಸಿದ್ದು ಉಪಕಾರ ಸ್ಮರಣೆಯ ಒಂದು ಪುಟ. ಬೆಳಿಗ್ಗೆಯೇ ಅವರ ಪಿಎಚ್‌ಡಿ ಗೈಡಮ್ಮನ ಫೋನು.

"ಪ್ರಬಂಧ ಚೆನ್ನಾಗಿದೆ ಕಣ್ರೀ. ಉಪಕಾರ ಸ್ಮರಣೆ ಎಲ್ಲಿ? ಒಂದೇ ಪುಟ ಇರ್ಬೇಕು, ಜಾಸ್ತಿಯಾದ್ರೆ ಆಫೀಸಿನವರು ತಗೊಳಲ್ಲ. ಇವತ್ತು ಸಂಜೆ ದಾಟಿದ್ರೆ ನಿಮ್ಮ ನೋಂದಣಿಯೇ ರದ್ದು!"

"ಬರೀತೀನಿ ಮೇಡಂ, ಉಪಕಾರ ಮಾಡಿದ ಎಲ್ಲರನ್ನೂ ಬರೀತೀನಿ!" ಎಂದರು ಮೇಷ್ಟ್ರು. ಇಡೀ ಕಟ್ಟಡಕ್ಕೆ ಕೇಳುವಂಥ ಗಂಟಲು ಅವರದು.

ಬೌದ್ಧ ಭಿಕ್ಷುಣಿಯರ ಮೇಲೆ ಅವರು ವರ್ಷಗಟ್ಟಲೆ ಬರೆದದ್ದನ್ನೆಲ್ಲ ಟೈಪ್ ಮಾಡಿದವಳು ಹೆಂಡತಿ. ಪಾಪ, ಆ ಕೈಬರಹ ಓದಬಲ್ಲ ಜೀವ ಬೇರೊಂದಿಲ್ಲ. ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತನ್ನು ಗುಟ್ಟಾಗಿ ಬರೆಯಬೇಕೆಂದು ಮೇಷ್ಟ್ರು ಒಂದೇ ಬೆರಳಲ್ಲಿ ತಾವೇ ಕುಟ್ಟಿದರು. ಮನೆಯವರನ್ನು ಕೊನೆಯಲ್ಲಿ ನೆನೆಯುವುದು ವಾಡಿಕೆ. ಎಡವಟ್ಟಾದದ್ದೇ ಅಲ್ಲಿ.

ಬೈಂಡಿಂಗ್ ಮಾಡಿಸಲು ಹೊರಟರೆ ಮೆಟ್ಟಿಲಲ್ಲಿ ಮೇಲ್ಮನೆಯ ನಿವೃತ್ತ ಇಂಜಿನಿಯರು ಅಡ್ಡ ನಿಂತಿದ್ದರು. "ಟೇಬಲ್ ಫ್ಯಾನ್ ಕೊಟ್ಟವನು ನಾನು. ನನ್ನ ಹೆಸರು ಹಾಕಿದ್ರಾ?"

"ಅಯ್ಯೋ, ಫ್ಯಾನಿಗೆಲ್ಲ..."

"ಹಾಗಂದ್ರೆ ಹೇಗ್ರೀ? ಸ್ತೂಪಕ್ಕೆ ಒಂದು ಕಲ್ಲು ಕೊಟ್ಟ ಭಿಕ್ಷುಣಿ ಹೆಸರನ್ನೂ ಆ ಕಲ್ಲಲ್ಲೇ ಕೆತ್ತಿಸಿದಾರೆ ಅಂತ ಮೊನ್ನೆ ಭಾಷಣ ಬಿಗಿದೋರು ಯಾರು?"

ಮೇಷ್ಟ್ರು ಹೆಸರು ಬರೆದುಕೊಂಡರು. ನಿಜಕ್ಕೂ ಆ ಫ್ಯಾನಿಲ್ಲದಿದ್ದರೆ ಅರ್ಧ ಪ್ರಬಂಧ ಬೆವರಲ್ಲೇ ತೊಯ್ದುಹೋಗುತ್ತಿತ್ತು. ಕೆಳಗೆ ಟೈಲರ್ ಹಿಡಿದ. "ಸಾರ್, ನಿಮ್ಮ ಪುಸ್ತಕದ ಚೀಲ ಹೊಲಿದುಕೊಟ್ಟಿದ್ದು ನಾನಲ್ವಾ?" ಬೀದಿ ತಿರುವಿಗೂ ಸುದ್ದಿ ಮುಟ್ಟಿತ್ತು; ಅಲ್ಲಿ ಲೈಬ್ರರಿಯಮ್ಮ ಸಿಕ್ಕರು. "ನೀವು ಪುಸ್ತಕದ ಮೇಲೆ ಟೀ ಚೆಲ್ಲಿದಾಗ ನಾನು ಸುಮ್ಮನಿದ್ದೆ, ಜ್ಞಾಪಕ ಇರ್ಲಿ." ಇಷ್ಟು ಜನ ತಮ್ಮನ್ನು ಎತ್ತಿ ಹಿಡಿದಿದ್ದಾರಲ್ಲ ಎಂದು ಮೇಷ್ಟ್ರು ಯಾರಿಗೂ ಇಲ್ಲವೆನ್ನಲಿಲ್ಲ.

ಬೈಂಡಿಂಗ್ ಅಂಗಡಿಯ ಕಂಪ್ಯೂಟರ್ ಮುಂದೆ ಕೂತು ಒಂದೇ ಬೆರಳಲ್ಲಿ ಎಲ್ಲರನ್ನೂ ಸೇರಿಸಿದರು. ಬೈಂಡರ್ ಮುಖ ಸಣ್ಣದು ಮಾಡಿಕೊಂಡದ್ದು ಕಂಡು ಅವನನ್ನೂ ಸೇರಿಸಿದರು. ಅಷ್ಟರಲ್ಲಿ ಆಫೀಸು ಮುಚ್ಚುವ ಹೊತ್ತು.

"ಒಂದೇ ಪುಟ ಕಣಯ್ಯಾ, ಬೇಗ!"

"ಚಿಂತೆ ಬಿಡಿ ಸಾರ್," ಎಂದು ಬೈಂಡರ್ ಮುದ್ರಿಸಿ, ಹೊಲಿದು, ರಟ್ಟು ಹಾಕಿ, ಪ್ರಬಂಧದ ಜೊತೆ ಮಡಿಸಿದ ಹಾಳೆಯೊಂದನ್ನೂ ಕೈಗಿತ್ತ.

ಮೇಷ್ಟ್ರು ಬಿದ್ದಂಬೀಳ ಓಡಿದರು. ಗುಮಾಸ್ತ ಸೀಲು ಒತ್ತಿ ಬಾಗಿಲೆಳೆದ. ಬದುಕಿದೆ ಎಂದುಕೊಂಡು ಹಾಳೆ ಬಿಚ್ಚಿದರೆ, ಪುಟ ತುಂಬಿ ಹೊರಚೆಲ್ಲಿದ್ದಕ್ಕೆ ಬೈಂಡರ್ ಹೊಲಿಯದೆ ಬಿಟ್ಟ ಕೊನೆಯ ಸಾಲುಗಳು: "ಇಲ್ಲಿನ ಒಂದೊಂದು ಅಕ್ಷರವೂ ನನ್ನ ಹೆಂಡತಿಯ ಬೆರಳು ದಾಟಿ ಬಂದದ್ದು. ಅವಳಿಲ್ಲದಿದ್ದರೆ ನಾನಿನ್ನೂ ಮೊದಲ ಪುಟದಲ್ಲೇ ಕೂತಿರುತ್ತಿದ್ದೆ."

ಯಾರನ್ನು ನೆನೆಯಲೆಂದು ಕೂತಿದ್ದರೋ ಅವಳೇ ಹೊರಗೆ! ಮನೆಗೆ ಬಂದು, ತಲೆ ತಗ್ಗಿಸಿ, ಹಾಳೆ ಚಾಚಿದರು. "ನಿನ್ನೊಬ್ಬಳನ್ನೇ ಬಿಟ್ಟುಬಿಟ್ಟೆ ಕಣೇ."

ಅವಳು ಓದಿದಳು. ಕಣ್ಣು ತುಂಬಿ ಬಂತು. "ಇಷ್ಟು ಚೆನ್ನಾಗಿ ಬರೆದು ಕೈಯಲ್ಲಿ ಕೊಟ್ರಲ್ಲ, ನನಗಷ್ಟೇ ಸಾಕು ರೀ." ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ನಾನೂ ಒಂದು ಗುಟ್ಟು ಹೇಳ್ಲಾ? ಟೈಪ್ ಮಾಡ್ತಾ ಮಾಡ್ತಾ ನನಗೂ ಹುಚ್ಚು ಹತ್ತಿತು. ಗೈಡಮ್ಮ ನನ್ನನ್ನೂ ಸಂಶೋಧನೆಗೆ ಸೇರಿಸ್ಕೊಂಡಿದಾರೆ. ನನ್ನ ಉಪಕಾರ ಸ್ಮರಣೆಯಲ್ಲಿ ಮೊದಲ ಹೆಸರು ನಿಮ್ಮದೇ."

"ನಂದಾ? ನಾನೇನು ಉಪಕಾರ ಮಾಡಿದೀನೇ?" ಮೇಷ್ಟ್ರು ಉಬ್ಬಿಹೋದರು. "ಅಂದಹಾಗೆ, ವಿಷಯ ಏನು?"

"ನಿಮ್ಮ ಪ್ರಬಂಧದಲ್ಲಿ ಬಿಟ್ಟುಹೋದ ಭಿಕ್ಷುಣಿಯರು," ಎಂದವಳೇ ತನ್ನ ಕೈಬರಹದ ದಪ್ಪ ಕಟ್ಟೊಂದನ್ನು ಕಂಪ್ಯೂಟರ್ ಪಕ್ಕ ಇಟ್ಟಳು. "ಇನ್ನು ಉಪಕಾರ ಶುರು ಮಾಡಿ. ಒಂದೇ ಬೆರಳಾದ್ರೂ ಪರವಾಗಿಲ್ಲ."