ಗೆರೆ ಹಿಡಿದ ಕಾರು

"ಈ ಹೊಸ ಕಾರು ತಾನೇ ರಸ್ತೆ ಗೆರೆ ಹಿಡ್ಕೊಂಡು ಹೋಗುತ್ತೆ ಭಾವ. ಇನ್ನು ಡ್ರೈವರ್ ಇರೋದೇ ದಂಡ," ಎಂದು ಯಜಮಾನರ ಭಾವಮೈದುನ ತಿಂಡಿ ತಿನ್ನುತ್ತ ಹೇಳಿದ್ದೇ ಎಲ್ಲಕ್ಕೂ ಮೂಲ. ಕಿಟಕಿಯಾಚೆ ಕಾರು ಒರೆಸುತ್ತಿದ್ದ ಡ್ರೈವರಿಗೆ ತನ್ನ ಹತ್ತೊಂಬತ್ತು ವರ್ಷದ ಕೆಲಸ ಒಂದೇ ತುತ್ತಿಗೆ ಗಂಟಲಿಳಿದದ್ದು ಸ್ಪಷ್ಟವಾಗಿ ಕೇಳಿಸಿತು.

ಯಜಮಾನರು ಹೊರಗೆ ಬಂದರು. "ಇವತ್ತು ನೀನು ಸ್ಟೀರಿಂಗ್ ಮೇಲೆ ಸುಮ್ನೆ ಕೈಯಿಟ್ಕೊಂಡು ಕೂತಿರು. ಕಾರೇ ಎಲ್ಲ ನೋಡ್ಕೊಳ್ಳಲಿ. ಸರಿಹೋದ್ರೆ ನಾಳೆಯಿಂದ ನಾನೇ ತಗೊಂಡು ಹೋಗ್ತೀನಿ." ಹಲ್ಲು ಕೀಳುವ ಡಾಕ್ಟರಷ್ಟು ಮೃದುವಾಗಿ ಹೇಳಿದರು.

ಡ್ರೈವರ್ ಇಬ್ಬರನ್ನೂ ಹತ್ತಿಸಿಕೊಂಡು ಹೊರಟ. ಈ ಬ್ಯಾಟರಿ ಕಾರು ಬಂದು ಎಂಟೇ ದಿನವಾದರೂ ಅದರ ಹುಳುಕೆಲ್ಲ ಅವನಿಗೆ ಗೊತ್ತಿತ್ತು. ಹತ್ತಿರದ ದಾರಿ ಬಿಟ್ಟು, ರಿಪೇರಿ ನಡೆಯುತ್ತಿದ್ದ ಹೊರವರ್ತುಲ ರಸ್ತೆಗೆ ತಿರುಗಿಸಿದ.

ಅಲ್ಲಿ ಹಳೆಯ ಬಿಳಿ ಗೆರೆಯನ್ನು ಅಳಿಸದೆ, ಅದರ ಮೇಲೆಯೇ ಓರೆಯಾಗಿ ಹಳದಿ ಗೆರೆ ಎಳೆದಿದ್ದರು. ಕಾರು ಇಬ್ಬರು ಅತ್ತೆಯರ ನಡುವೆ ಸಿಕ್ಕ ಸೊಸೆಯಂತೆ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಿ, ಕೊನೆಗೆ ರಸ್ತೆಬದಿಯ ಡ್ರಮ್ಮುಗಳತ್ತ ಮುಖ ಮಾಡಿತು. ಡ್ರೈವರ್ ಕೊನೇ ಗಳಿಗೆಯಲ್ಲಿ ಸ್ಟೀರಿಂಗ್ ಎಳೆದ.

"ಏನಯ್ಯ ಇದು?" ಎಂದರು ಯಜಮಾನರು.

"ಗೆರೆ ಹಿಡ್ಕೊಂಡಿದೆ ಸಾರ್."

"ಯಾವ ಗೆರೆ?"

"ಅದನ್ನ ಅದೇ ಹೇಳ್ಬೇಕು."

ಮುಂದೆ ಲಾರಿಯೊಂದು ಹೋಗುತ್ತಿತ್ತು. ಅದರ ಬೆನ್ನಿಗೆ ಅಂಟಿಸಿದ್ದ 'ನಲವತ್ತು' ಎಂಬ ಗುಂಡು ಚೀಟಿಯನ್ನು ಕಾರು ರಸ್ತೆಯ ವೇಗಮಿತಿ ಫಲಕವೆಂದೇ ಓದಿತು. ಎಂಬತ್ತರಲ್ಲಿ ಹೋಗುತ್ತಿದ್ದದ್ದು ಗಕ್ಕನೆ ನಲವತ್ತಕ್ಕಿಳಿಯಿತು. ಭಾವಮೈದುನನ ಹಣೆ ಮುಂದಿನ ಸೀಟಿಗೆ ಬಡಿಯಿತು. ಹಿಂದಿನ ವ್ಯಾನಿನವನು ಪಕ್ಕಕ್ಕೆ ಬಂದು, "ನಿದ್ದೆ ಬಂದ್ರೆ ಮನೇಲಿ ಮಲಗ್ರಪ್ಪ," ಎಂದು ಹೋದ.

"ಅಪ್‌ಡೇಟ್ ಬಂದ್ರೆ ಸರಿಹೋಗುತ್ತೆ ಭಾವ," ಎಂದ ಭಾವಮೈದುನ ಹಣೆ ಉಜ್ಜುತ್ತ.

"ಅಷ್ಟರೊಳಗೆ ನಾನು ಹೋಗಿರ್ತೀನಿ."

ಆಫೀಸಿನ ಮುಂದೆ ಯಜಮಾನರು ಕಾರಿನ ಬಾಗಿಲು ಹಿಡಿದು ಇಳಿದರು. "ನೀನಿಲ್ದಿದ್ರೆ ಇವತ್ತು ನಮ್ಮ ಕತೆ ಮುಗೀತಿತ್ತು." ಡ್ರೈವರನ ಎದೆ ಉಬ್ಬಿತು. "ಈಗ್ಲೇ ಶೋರೂಮಿಗೆ ಹೋಗಿ ಇದನ್ನ ವಾಪಸ್ ಕೊಟ್ಟುಬಿಡು. ಕಾರಿನ ಸಹವಾಸವೇ ಸಾಕು. ನಾಳೆಯಿಂದ ನಾನು ಆಫೀಸ್ ಬಸ್ಸಲ್ಲೇ ಓಡಾಡ್ತೀನಿ."

ಉಬ್ಬಿದ ಎದೆ ಪಂಕ್ಚರಾಯಿತು.

ಶೋರೂಮಿನವರೆಗೆ ಕಾರು ಒಮ್ಮೆಯೂ ತಪ್ಪಲಿಲ್ಲ. ಬೇಕೆಂದೇ ಹಾಗೆ ಮಾಡುತ್ತಿದೆಯೇನೋ ಎನ್ನಿಸಿತು ಅವನಿಗೆ.

"ಏನಣ್ಣ ತೊಂದರೆ?" ಎಂದ ಮೆಕ್ಯಾನಿಕ್.

ಡ್ರೈವರ್ ಲೆಕ್ಕ ಹಾಕಿದ. ಕಾರಿದ್ದರೆ ತಾನೇ ಡ್ರೈವರ್? "ತೊಂದರೆ ಏನೂ ಇಲ್ಲ. ಗಾಡಿ ಬಂಗಾರದಂಥದ್ದು. ನಾನೇ ಸ್ಟೀರಿಂಗ್ ನೆಟ್ಟಗೆ ಹಿಡೀಲಿಲ್ಲ. ನಮ್ಮ ಸಾರ್ ಗಾಡಿ ಬೇಡ ಅಂತಿದ್ದಾರೆ. ನೀವೇ ಒಂದು ಮಾತು ಹೇಳಿ, ಇಟ್ಕೋತಾರೆ."

ಮೆಕ್ಯಾನಿಕ್ ಅಲ್ಲೇ ಫೋನ್ ಹಚ್ಚಿ, ಡ್ರೈವರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ. ಎಲ್ಲ ಕೇಳಿಸಿಕೊಂಡು ಯಜಮಾನರು ಹೇಳಿದರು:

"ಓಹೋ, ತಪ್ಪು ಅವನದಾ? ಹಾಗಾದ್ರೆ ಕಾರು ಇರ್ಲಿ. ಸಂಜೆ ನಾನೇ ಬಂದು ಓಡಿಸ್ಕೊಂಡು ಹೋಗ್ತೀನಿ. ಅವನಿಗೆ ಕೀ ಅಲ್ಲಿಟ್ಟು ಮನೆಗೆ ಹೋಗೋಕೆ ಹೇಳಿ. ನಾಳೆಯಿಂದ ಬರೋದೂ ಬೇಡ."

ಡ್ರೈವರ್ ಕೀಯನ್ನು ಮೇಜಿನ ಮೇಲಿಟ್ಟ. ಮೆಕ್ಯಾನಿಕ್ ಅವನ ಬೆನ್ನು ತಟ್ಟಿ, ಒಂದು ಲೋಟ ನೀರು ಕೊಟ್ಟ.

"ಎಲ್ಲರೂ ಗಾಡಿ ಮೇಲೇ ತಪ್ಪು ಹಾಕ್ತಾರೆ. ನಿಮ್ಮಷ್ಟು ಪ್ರಾಮಾಣಿಕರನ್ನ ನಾನು ನೋಡೇ ಇಲ್ಲ ಅಣ್ಣ."